ಡಿಕ್ರಿ ಇಲ್ಲಿ, ಆಸ್ತಿ ಗಡಿಯಾಚೆ: ದುಡ್ಡು ವಸೂಲಿ ಹೇಗೆ?

ಪ್ರಶ್ನೆ – ಬದಿಯಡ್ಕದ ಕಲ್ಲು ವ್ಯಾಪಾರಿ

ಎಲ್ಲರಿಗೂ ನಮಸ್ಕಾರ. ನನ್ನದು ಕೆಂಪುಕಲ್ಲಿನ ವ್ಯಾಪಾರ. ಕೋರೆಯಿಂದ ಕಲ್ಲು ತಂದು ಮನೆ ಕಟ್ಟುವ ಜಾಗಕ್ಕೆ ಲಾರಿಯಲ್ಲಿ ಇಳಿಸಿ ಕೊಡುತ್ತೇನೆ. ವಿಟ್ಲ ಕಡೆಯ ಒಬ್ಬ ಕಂಟ್ರಾಕ್ಟರಿಗೆ ಒಂದು ಬೇಸಗೆ ಪೂರ್ತಿ ಕಲ್ಲು ಕೊಟ್ಟೆ. ಮೊದಮೊದಲು ಲೆಕ್ಕ ಸರಿಯಾಗಿ ಚುಕ್ತಾ ಮಾಡುತ್ತಿದ್ದರು. ಆಮೇಲೆ ಸ್ಲ್ಯಾಬ್ ಆಗಲಿ, ಪಾರ್ಟಿ ದುಡ್ಡು ಕೊಡಲಿ ಅಂತ ದಿನ ದೂಡಿದರು. ಬಾಕಿ 3,86,000 ರೂಪಾಯಿಗೆ ಬಂದು ನಿಂತಿತು. ಪ್ರತಿ ಲೋಡಿನ ಚೀಟಿಯಲ್ಲೂ ಅವರ ಮೇಸ್ತ್ರಿಯ ಸಹಿ ಇತ್ತು. ಹಾಗಾಗಿ ಕಾಸರಗೋಡಿನಲ್ಲಿ ಕೇಸು ನನ್ನ ಕಡೆಗಾಯಿತು. 2023ರಲ್ಲಿ ಬಡ್ಡಿ, ಖರ್ಚು ಸೇರಿಸಿ ಡಿಕ್ರಿ, ಅಂದರೆ ದುಡ್ಡು ಕೊಡಬೇಕು ಅಂತ ಕೋರ್ಟಿನ ತೀರ್ಪು, ಕೊಟ್ಟಿದ್ದಾರೆ.

ಡಿಕ್ರಿ ಆದ ಮೇಲೂ ಒಂದು ರೂಪಾಯಿ ಬಂದಿಲ್ಲ. ಫೋನ್ ಮಾಡಿದರೆ "ಅಪೀಲು ಹಾಕಿದ್ದೇವೆ, ನೀವು ಏನೂ ಮಾಡುವ ಹಾಗಿಲ್ಲ" ಅನ್ನುತ್ತಾರೆ. ಅವರ ಮನೆ, ಜಾಗ ಎಲ್ಲ ಅಡ್ಯನಡ್ಕದಿಂದ ಆಚೆಗೆ, ಅಂದರೆ ಕರ್ನಾಟಕದ ಬಂಟ್ವಾಳ ತಾಲೂಕಿನಲ್ಲಿ. ಮನೆ ಪಕ್ಕದ ಸೈಟನ್ನು ಹೆಂಡತಿಯ ಹೆಸರಿಗೆ ಮಾಡಿಸುತ್ತಾರೆ ಅಂತ ಸುದ್ದಿ. ಬಂಟ್ವಾಳದಲ್ಲಿ ಮೊದಲಿಂದ ಕೇಸು ಹಾಕಬೇಕಾ? ಅವರನ್ನು ಜೈಲಿಗೆ ಕಳಿಸಲು ಆಗುತ್ತದಾ? ಕೋರೆಯವರಿಗೆ, ಲೋಡಿಂಗಿನ ಹುಡುಗರಿಗೆ ನಾನು ಕೈಯಿಂದ ಕೊಟ್ಟು ಮುಗಿಸಿದ್ದೇನೆ. ಲಾರಿಯ ಸಾಲದ ಕಂತು ಪ್ರತಿ ತಿಂಗಳು ಕುತ್ತಿಗೆಗೆ ಬರುತ್ತದೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಉತ್ತರ – ಮಂಜೇಶ್ವರದಿಂದ

ಅಣ್ಣಾ, ಸೀದಾ ಅರೆಸ್ಟಿಗೆ ಅರ್ಜಿ ಹಾಕಿ. ನಮ್ಮ ಮಾವನಿಗೆ ಚಿಟ್ಟಿಯ ದುಡ್ಡು ಬಾಕಿ ಇತ್ತು. ವಾರಂಟ್ ಬಂತು ಅಂದ ಕೂಡಲೇ ಆ ಜನ ತಾನಾಗಿ ತಂದುಕೊಟ್ಟರು. ಮರ್ಯಾದೆಗೆ ಅಂಜುವವರು ಇದಕ್ಕೇ ಬಗ್ಗುವುದು.

ಉತ್ತರ – ನಿವೃತ್ತ ಅಮೀನ, ಕುಂಬಳೆ

ನಾನು ಕೋರ್ಟಿನಲ್ಲಿ ಅಮೀನನಾಗಿದ್ದವನು. ಜಪ್ತಿ, ವಾರಂಟ್, ಸ್ಥಳ ಬಿಡಿಸಿ ಕೊಡುವುದು, ಇದೇ ನನ್ನ ಕೆಲಸ. ಆ ಕಡೆಯಿಂದ ನೋಡಿದ್ದನ್ನು ಹೇಳುತ್ತೇನೆ.

ಮೊದಲು ನಿಮ್ಮ ಭಯಕ್ಕೆ ಉತ್ತರ. ಹೊಸ ಕೇಸು ಬೇಡ. 1956ರಲ್ಲಿ ರಾಜ್ಯದ ಗಡಿ ಬಂತು, ಆದರೆ ಎರಡೂ ಕಡೆ ನಡೆಯುವುದು 1908ರ ಸಿವಿಲ್ ಪ್ರೊಸೀಜರ್ ಕೋಡ್. ಡಿಕ್ರಿಯಾದ ದಿನದಿಂದ 12 ವರ್ಷದವರೆಗೆ ಇ.ಪಿ., ಅಂದರೆ ಡಿಕ್ರಿ ಜಾರಿ ಮಾಡಿ ಅನ್ನುವ ಅರ್ಜಿ, ಹಾಕಬಹುದು. ಹಾಗಂತ ಕಾಯುತ್ತಾ ಕೂರಬೇಡಿ. ಅಪೀಲು ಹಾಕಿದ ಮಾತ್ರಕ್ಕೆ ಡಿಕ್ರಿ ನಿಲ್ಲುವುದಿಲ್ಲ. ಮೇಲಿನ ಕೋರ್ಟು ಸ್ಟೇ ಕೊಟ್ಟಿದ್ದರೆ ಮಾತ್ರ ನಿಲ್ಲುತ್ತದೆ. ಆ ಸ್ಟೇ ಆರ್ಡರ್ ತೋರಿಸಿ ಅಂತ ಕೇಳಿ.

ಜೈಲಿನ ವಿಷಯ. ಸಾಲ ಕೊಡಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಒಳಗೆ ಹಾಕಲು ಆಗುವುದಿಲ್ಲ. ದುಡ್ಡು ಇದೆ, ಅಥವಾ ಡಿಕ್ರಿಯ ನಂತರ ಇತ್ತು, ಆದರೂ ಕೊಡಲಿಲ್ಲ ಅಂತ ನೀವು ತೋರಿಸಬೇಕು. ಇಲ್ಲವೇ ವಸೂಲಿ ತಪ್ಪಿಸಲು ಓಡುತ್ತಾರೆ, ಆಸ್ತಿ ಅಡಗಿಸುತ್ತಾರೆ ಅಂತ ಸಾಬೀತಾಗಬೇಕು. 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನು ಗಟ್ಟಿಯಾಗಿ ಹೇಳಿದ್ದಾರೆ. ಬಡತನ ಅಪರಾಧ ಅಲ್ಲ ಅನ್ನುವುದು ಅದರ ತಿರುಳು, ಮತ್ತು ಅದು ನ್ಯಾಯವೇ. ಹೆಂಗಸರನ್ನಂತೂ ಹಣದ ಡಿಕ್ರಿಗೆ ಅರೆಸ್ಟ್ ಮಾಡುವಂತೆಯೇ ಇಲ್ಲ. ಒಳಗೆ ಹಾಕಿದರೂ ಹೆಚ್ಚೆಂದರೆ 3 ತಿಂಗಳು. ಅಷ್ಟು ದಿನ ಅವರ ಊಟದ ಬತ್ತಾ ನೀವೇ ಕಟ್ಟಬೇಕು. ಮಂಜೇಶ್ವರದವರ ಮಾವನಿಗೆ ದುಡ್ಡು ಸಿಕ್ಕಿದ್ದು ಸಂತೋಷ. ಆದರೆ ನಿಮ್ಮ ಕಂಟ್ರಾಕ್ಟರ್ ವಕೀಲರನ್ನು ಇಟ್ಟು ಆಟ ಆಡುವವರು. ಆ ದಾರಿಯಲ್ಲಿ ನಿಮಗೆ ಸುಸ್ತಾಗುವುದೇ ಜಾಸ್ತಿ.

ಆಸ್ತಿಯನ್ನು ಹಿಡಿಯಿರಿ. ಅದೂ ಕೈ ಬದಲಾಗುವ ಮೊದಲು. ಕಾಸರಗೋಡಿನ ಕೋರ್ಟು ಬಂಟ್ವಾಳ ತಾಲೂಕಿನ ಜಾಗವನ್ನು ತಾನೇ ಹರಾಜು ಹಾಕಲು ಬರುವುದಿಲ್ಲ, ಡಿಕ್ರಿಯನ್ನು ಅಲ್ಲಿಗೆ ವರ್ಗ ಮಾಡಬೇಕು. ಅದಕ್ಕೆ ಸಮಯ ಬೇಕು. ಆ ನಡುವೆ ಸೈಟು ಕೈಜಾರಿದರೆ? ಅದಕ್ಕೇ ಸಿವಿಲ್ ಪ್ರೊಸೀಜರ್ ಕೋಡಿನ 46ನೇ ಸೆಕ್ಷನ್ ಇರುವುದು. ಪ್ರಿಸೆಪ್ಟ್ ಅಂತಾರೆ. ಡಿಕ್ರಿ ಕೊಟ್ಟ ಕೋರ್ಟು ಆಚೆಯ ಕೋರ್ಟಿಗೆ "ಈ ಜಾಗವನ್ನು ಜಪ್ತಿ ಮಾಡಿ ಇಡಿ" ಅಂತ ಬರೆಯುತ್ತದೆ. ಆ ಜಪ್ತಿ 2 ತಿಂಗಳು ನಿಲ್ಲುತ್ತದೆ, ಕೋರ್ಟು ಬೇಕಾದರೆ ಮುಂದುವರಿಸಬಹುದು. ಅಷ್ಟರೊಳಗೆ ಡಿಕ್ರಿ ವರ್ಗ ಮಾಡಿಸಿ ಅಲ್ಲಿ ಹರಾಜಿಗೆ ಅರ್ಜಿ ಹಾಕಿದರೆ ಹಿಡಿತ ತಪ್ಪುವುದಿಲ್ಲ. ಇದನ್ನು ನೀವು ಕೇಳಬೇಕು. ಕೇಳದೆ ಯಾರೂ ಕೊಡುವುದಿಲ್ಲ.

ಅರ್ಜಿಯಲ್ಲಿ ಸರ್ವೆ ನಂಬರ್, ವಿಸ್ತೀರ್ಣ, ನಾಲ್ಕು ದಿಕ್ಕಿನ ಚಕ್ಕುಬಂದಿ ಸರಿಯಾಗಿರಲಿ. ನಾನು ಆರ್ಡರ್ ಹಿಡಿದುಕೊಂಡು ಹೋಗಿ, ಜಾಗ ಇದೇ ಅಂತ ಗುರುತು ಹಿಡಿಯಲಾಗದೆ ಹಾಗೇ ಮರಳಿದ್ದುಂಟು. ಪೂರ್ವಕ್ಕೆ ತೋಡು ಅಂತ ಬರೆದಿರುತ್ತಾರೆ, ಹೋಗಿ ನೋಡಿದರೆ ಅಲ್ಲಿ ಪಂಚಾಯತ್ ರಸ್ತೆ. ಅಮೀನನಿಗೆ ಊಹೆ ಮಾಡಿ ಜಪ್ತಿ ಮಾಡುವ ಅಧಿಕಾರ ಇಲ್ಲ.

ಸ್ಥಿರಾಸ್ತಿ ಜಪ್ತಿ ಅಂದರೆ ಏನಾಗುತ್ತದೆ ಅಂತ ಹೇಳುತ್ತೇನೆ. ಜಾಗದಲ್ಲಿ ನಿಂತು ಡೋಲು ಬಡಿಸಿ ಆರ್ಡರನ್ನು ಗಟ್ಟಿಯಾಗಿ ಓದುತ್ತೇವೆ. ಒಂದು ನಕಲನ್ನು ಎದ್ದು ಕಾಣುವ ಕಡೆ ಅಂಟಿಸುತ್ತೇವೆ, ಇನ್ನೊಂದನ್ನು ಕೋರ್ಟಿನ ಬೋರ್ಡಿಗೆ. ಡೋಲಿನ ಸದ್ದಿಗೆ ಅಕ್ಕಪಕ್ಕದ ತೋಟದವರು ಬೇಲಿ ಹತ್ತಿರ ಬಂದು ನಿಲ್ಲುತ್ತಾರೆ. ಅಡಿಕೆ ಸುಲಿಯುತ್ತಿದ್ದ ಹೆಂಗಸರು ಕೈ ನಿಲ್ಲಿಸುತ್ತಾರೆ. ಮನೆಯ ಯಜಮಾನ ಹೆಚ್ಚಾಗಿ ಒಳಗೇ ಇರುತ್ತಾನೆ. ಆಮೇಲೆ ಅಣ್ಣನೋ ಭಾವನೋ ಬಂದು "ಎಷ್ಟು ಕಟ್ಟಬೇಕು?" ಅಂತ ನನ್ನನ್ನೇ ಕೇಳಿದ್ದು ಎಷ್ಟೋ ಸಲ. ಜಪ್ತಿಯ ನಂತರ ಜಾಗ ಮಾರಿದರೂ, ದಾನಪತ್ರ ಮಾಡಿದರೂ ನಿಮ್ಮ ಡಿಕ್ರಿಯ ಎದುರು ಅದು ನಡೆಯುವುದಿಲ್ಲ. ಮೊದಲೇ ಹೆಂಡತಿಯ ಹೆಸರಿಗೆ ಮಾಡಿದ್ದರೆ ಆಕೆ ತಕರಾರು ಅರ್ಜಿ ಹಾಕಬಹುದು. ಆ ದಾನ ಸಾಲ ತಪ್ಪಿಸಲು ಮಾಡಿದ್ದಾ ಅನ್ನುವ ಪ್ರಶ್ನೆಯನ್ನು ಇ.ಪಿ. ನಡೆಸುವ ಕೋರ್ಟೇ ವಿಚಾರಿಸುತ್ತದೆ. ಆದರೆ ಅದರಲ್ಲಿ ವರ್ಷ ಉರುಳುತ್ತದೆ.

ಇನ್ನೊಂದು, ಇದನ್ನು ಮರೆಯಬೇಡಿ. ಅವರು ಈಗ ಗಡಿಯ ಈಚೆಗೆ ಎಲ್ಲಾದರೂ ಮನೆ ಕಟ್ಟುತ್ತಿದ್ದಾರಾ? ಆ ಮನೆಯವರು ಅವರಿಗೆ ಕೊಡಬೇಕಾದ ಬಿಲ್ಲು ಬಾಕಿ ಇದೆಯಾ? ಇದ್ದರೆ ಅದನ್ನೇ ಜಪ್ತಿ ಮಾಡಿಸಬಹುದು. ಕಂಟ್ರಾಕ್ಟರ್ ಕೈಗೆ ಕೊಡಬೇಡಿ, ಕೋರ್ಟಿಗೆ ಕಟ್ಟಿ ಅಂತ ಮನೆಯವರಿಗೆ ನೋಟೀಸು ಹೋಗುತ್ತದೆ. ಕಟ್ಟಿದರೆ ಆ ಮನೆಯವರ ಬಾಕಿಯೂ ತೀರಿದ ಹಾಗೆ. ಬ್ಯಾಂಕಿನ ಖಾತೆಗೂ ಇದೇ ದಾರಿ.

ಪ್ರಶ್ನೆ ಕೇಳಿದವರು

ಅಮೀನರೇ, ತುಂಬಾ ಉಪಕಾರ. ಪೆರ್ಲದ ಹತ್ತಿರ ಅವರದ್ದೊಂದು ದೊಡ್ಡ ಮನೆಯ ಕೆಲಸ ನಡೆಯುತ್ತಾ ಇದೆ. ಸಾರಣೆ ಆಗಿದೆ, ಟೈಲ್ಸ್ ಬಾಕಿ. ಕೊನೆಯ ಕಂತು ಇನ್ನೂ ಕೊಟ್ಟಿಲ್ಲ ಅಂತ ಅಲ್ಲಿ ಕೆಲಸ ಮಾಡುವವರೇ ಹೇಳಿದ್ದಾರೆ. ಹಾಗಾದರೆ ಬಂಟ್ವಾಳಕ್ಕೆ ಹೋಗುವುದು ಬೇಡವಾ?

ಉತ್ತರ – ಪುತ್ತೂರಿನ ಅಕ್ಕ

ಎರಡೂ ಮಾಡಿ, ಒಂದನ್ನೇ ನಂಬಿ ಕೂರಬೇಡಿ. ನನ್ನ ತವರು ಮುಳ್ಳೇರಿಯ. ಅಪ್ಪ ಕೈಸಾಲ ಕೊಟ್ಟ ದುಡ್ಡಿಗೆ ಕಾಸರಗೋಡಿನಲ್ಲಿ ಡಿಕ್ರಿ ಆಗಿತ್ತು, ಸಾಲಗಾರರ ತೋಟ ಇಲ್ಲಿ ಪುತ್ತೂರಿನಲ್ಲಿ. ಅಪ್ಪನಿಗೆ ಓಡಾಡಲು ಆಗುತ್ತಿರಲಿಲ್ಲ, ನಾನೇ ನೋಡಿಕೊಂಡೆ. ಡಿಕ್ರಿಯ ಜೊತೆಗೆ ಇನ್ನೂ ಎಷ್ಟು ಬಾಕಿ ಇದೆ ಅನ್ನುವ ಸರ್ಟಿಫಿಕೇಟನ್ನೂ ಡಿಕ್ರಿ ಕೊಟ್ಟ ಕೋರ್ಟು ಕಳಿಸಬೇಕು. ರಾಜ್ಯ ಬೇರೆಯಾದರೂ ಒಂದು ಕೋರ್ಟು ಇನ್ನೊಂದಕ್ಕೆ ನೇರವಾಗಿ ಕಳಿಸಬಹುದು. ಕಳಿಸಿದ ನಂಬರು, ತಾರೀಕು ಬರೆದು ಇಟ್ಟುಕೊಂಡು ಇಲ್ಲಿ ಬಂದು ವಿಚಾರಿಸಿದೆ. ಹಾಗೆ ವಿಚಾರಿಸದಿದ್ದರೆ ಕಟ್ಟಿನಲ್ಲೇ ಬಿದ್ದಿರುತ್ತಿತ್ತು. ಇಲ್ಲಿ ಇ.ಪಿ.ಗೆ ಅಮಲ್ಜಾರಿ ಅನ್ನುತ್ತಾರೆ, ಈ ಕಡೆಯ ವಕೀಲರು ಬೇರೆ ಬೇಕು. ಸೈಟಿನ ಆರ್‌ಟಿಸಿಯನ್ನು (ಪಹಣಿ) ಸರಕಾರದ 'ಭೂಮಿ' ವೆಬ್‌ಸೈಟಿನಲ್ಲಿ, ಇ.ಸಿ.ಯನ್ನು (ಋಣಭಾರ ಪತ್ರ) 'ಕಾವೇರಿ' ವೆಬ್‌ಸೈಟಿನಲ್ಲಿ ಆನ್‌ಲೈನ್ ತೆಗೆಯಬಹುದು. ಹೆಂಡತಿಯ ಹೆಸರಿಗೆ ಆಗಿದೆಯಾ ಇಲ್ಲವಾ ಅಂತ ಇ.ಸಿ. ನೋಡಿದರೆ ಗೊತ್ತಾಗುತ್ತದೆ, ಸುದ್ದಿ ನಂಬಬೇಕಾಗಿಲ್ಲ. ಬ್ಯಾಂಕಿನ ಅಡವು ಇದ್ದರೂ ಅದರಲ್ಲೇ ಕಾಣುತ್ತದೆ.

ಉತ್ತರ – ನಿವೃತ್ತ ಅಮೀನ, ಕುಂಬಳೆ

ಅಕ್ಕ ಹೇಳಿದ್ದು ಸರಿ. ಡಿಕ್ರಿ ಬಂಟ್ವಾಳಕ್ಕೆ ಹೋದ ಮೇಲೆ, ತನ್ನ ಆಸ್ತಿ ಏನೇನು ಅಂತ ಅವರೇ ಅಫಿಡವಿಟ್ ಕೊಡಬೇಕು ಅನ್ನುವ ಆರ್ಡರನ್ನೂ ಕೇಳಿ. ಕೊಡದಿದ್ದರೆ 3 ತಿಂಗಳವರೆಗೆ ಸಿವಿಲ್ ಜೈಲು. ಇದು ಆದೇಶ ಮೀರಿದ್ದಕ್ಕೆ. ಕೋರ್ಟು ತಡ ಮಾಡಿದರೆ ನಿಮ್ಮ ವಕೀಲರು 2021ರ ರಾಹುಲ್ ಶಾ ತೀರ್ಪನ್ನು ತೋರಿಸಲಿ. ಇ.ಪಿ. ಹಾಕಿದ 6 ತಿಂಗಳಲ್ಲಿ ಮುಗಿಸಬೇಕು ಅಂತ ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿದೆ.

ನಡುವೆ ಅವರು ರಾಜಿಗೆ ಬಂದು ಸ್ವಲ್ಪ ದುಡ್ಡು ಕೊಟ್ಟರೆ ತೆಗೆದುಕೊಳ್ಳಿ, ಆದರೆ ಅದನ್ನು ಕೋರ್ಟಿನಲ್ಲಿ ದಾಖಲು ಮಾಡಿಸಿ. ಉಳಿದದ್ದರ ಕಂತನ್ನೂ ಬರೆಸಿ, ಬಾಯಿಮಾತಿಗೆ ಇ.ಪಿ. ಹಿಂದೆ ತೆಗೆಯಬೇಡಿ.

ಪೆರ್ಲದ ಮನೆಯದ್ದು ಎಲ್ಲಕ್ಕಿಂತ ಅರ್ಜೆಂಟು. ಟೈಲ್ಸ್ ಮುಗಿದರೆ ಕೊನೆಯ ಕಂತು ಕೈದಾಟುತ್ತದೆ. ಮನೆ ಯಜಮಾನರ ಪೂರ್ತಿ ಹೆಸರು, ಪಂಚಾಯತ್ ಕೊಟ್ಟ ಮನೆ ನಂಬರ್ ಬರೆದುಕೊಂಡು ಈ ವಾರವೇ ವಕೀಲರ ಆಫೀಸಿಗೆ ಹೋಗಿ.