28 ಮಕ್ಕಳ ಸರ್ಕಾರಿ ಶಾಲೆಗೆ ಮಗಳನ್ನು ಸೇರಿಸಬಹುದಾ?

ನನಗೆ ಶಿವಮೊಗ್ಗ ಜಿಲ್ಲೆಯ ಹಳ್ಳಿಯೊಂದಕ್ಕೆ ವರ್ಗವಾಗಿದೆ. ಮಗಳು ನಾಲ್ಕನೇ ಕ್ಲಾಸು. ಮನೆ ಹತ್ತಿರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಇದೆ, ಒಟ್ಟು 28 ಮಕ್ಕಳು. ಖಾಸಗಿ ಶಾಲೆಗಾದರೆ ವ್ಯಾನಿನಲ್ಲಿ ಒಂದು ಗಂಟೆ. ಇಷ್ಟು ಸಣ್ಣ ಶಾಲೆಯಲ್ಲಿ ಓದು ಹೇಗಿರುತ್ತದೆ? ಏನೇನು ವಿಚಾರಿಸಬೇಕು? ಅನುಭವ ಇದ್ದವರು ಹೇಳಿ.

ಇಬ್ಬರು ಮಕ್ಕಳ ತಾಯಿ: ನನ್ನ ಮಕ್ಕಳು ಓದಿದ್ದು ಇಂಥದೇ ಶಾಲೆಯಲ್ಲಿ. ಕಟ್ಟಡ, ಬಣ್ಣ ಆಮೇಲೆ ನೋಡಿ. ಮೊದಲು ಟೀಚರ್ ಎಷ್ಟು ಜನ, ಕಾಯಂ ಯಾರು, ಅತಿಥಿ ಶಿಕ್ಷಕರು ಯಾರು ಅಂತ ಕೇಳಿ. ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಪ್ರಕಾರ 60 ಮಕ್ಕಳವರೆಗೆ ಇಬ್ಬರು. ಒಬ್ಬರು ಒಂದರಿಂದ ಮೂರರ ನಲಿ-ಕಲಿ (ಮೂರೂ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು ಚಟುವಟಿಕೆಯಿಂದ ಕಲಿಯುವುದು) ನೋಡಿಕೊಂಡರೆ, ಇನ್ನೊಬ್ಬರಿಗೆ ನಾಲ್ಕು, ಐದು. ಒಬ್ಬರು ತರಬೇತಿಗೋ ಚುನಾವಣೆ ಕೆಲಸಕ್ಕೋ ಹೋದರೆ ಐದೂ ಕ್ಲಾಸು ಒಬ್ಬರ ತಲೆ ಮೇಲೆ. ನಮ್ಮಲ್ಲಿ ಒಂದು ವರ್ಷ ಪೂರ್ತಿ ಹೀಗೇ ಆಯಿತು. ಮಗನಿಗೆ ಭಾಗಾಕಾರ ನಾನೇ ಕಲಿಸಿದೆ. ಮರುವರ್ಷ ಬಂದ ಮೇಷ್ಟ್ರು ದಿನಾ ಒಬ್ಬೊಬ್ಬರ ನೋಟ್‌ಬುಕ್ಕೂ ನೋಡುತ್ತಿದ್ದರು. ಐವತ್ತು ಮಕ್ಕಳ ಕ್ಲಾಸಿನಲ್ಲಿ ಅದು ಆಗುವ ಮಾತಲ್ಲ, ಅಲ್ವಾ?

ನಿವೃತ್ತ ಮುಖ್ಯ ಶಿಕ್ಷಕ: ಶಾಲೆಗಳ ಸರ್ಕಾರಿ ಆನ್‌ಲೈನ್ ದಾಖಲೆ ಯು-ಡೈಸ್‌ನಲ್ಲಿ ಶಾಲೆಯ ವಿವರ ಸಿಗುತ್ತದೆ: ಕೊಠಡಿ, ಶೌಚಾಲಯ, ಶಿಕ್ಷಕರ ಸಂಖ್ಯೆ ಎಲ್ಲ. ಆದರೂ ಒಮ್ಮೆ ಹೋಗಿ ಕಣ್ಣಾರೆ ನೋಡಿ. ದುಡ್ಡಿನ ವಿಷಯ ಕೇಳಿದರೆ ನಗು ಬರುತ್ತದೆ. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯ ಲೆಕ್ಕದಲ್ಲಿ 30 ಮಕ್ಕಳವರೆಗಿನ ಶಾಲೆಗೆ ವರ್ಷದ ಅನುದಾನ 10,000 ರೂಪಾಯಿ. 30 ದಾಟಿದರೆ 25,000. ಸೀಮೆಸುಣ್ಣ, ಸಣ್ಣಪುಟ್ಟ ರಿಪೇರಿ, ಸ್ವಚ್ಛತೆ ಎಲ್ಲ ಅದರಲ್ಲೇ. ನಿಮ್ಮ ಮಗಳು ಸೇರಿದರೆ 29. ಇನ್ನಿಬ್ಬರನ್ನು ಹುಡುಕಿಕೊಡಿ, ಮುಖ್ಯ ಶಿಕ್ಷಕರು ನಿಮ್ಮನ್ನು ಮರೆಯುವುದಿಲ್ಲ!

ಎಸ್‌ಡಿಎಂಸಿಯಲ್ಲಿದ್ದ (ಶಾಲಾಭಿವೃದ್ಧಿ ಸಮಿತಿ) ಅಪ್ಪ: ಸುಮ್ನೆ ಸೇರಿಸಿ ಮನೆಗೆ ಬರಬೇಡಿ. ಎಸ್‌ಡಿಎಂಸಿ ಸಭೆಗೆ ಹೋಗಿ. ಅತಿಥಿ ಶಿಕ್ಷಕರು ಬರುವುದು ತಡವಾದಾಗ ನಾವು ನಾಲ್ಕು ಜನ ಅಪ್ಪ-ಅಮ್ಮಂದಿರು ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವವರು) ಹತ್ತಿರ, ಆಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಅರ್ಜಿ ಹಿಡಿದು ಹೋಗಿದ್ದೆವು. ಮೂರನೇ ಸಲಕ್ಕೆ ಕೆಲಸ ಆಯಿತು. ಇನ್ನೊಂದು, ಅಲ್ಲಿ ಐದನೇ ಕ್ಲಾಸಿಗೇ ಮುಗಿಯುತ್ತದೆ. ಆರನೆಯದಕ್ಕೆ ಗಾಜನೂರಿನ ನವೋದಯ, ಮೊರಾರ್ಜಿ ಶಾಲೆ ಇವೆ. ಎರಡಕ್ಕೂ ಐದನೇ ಕ್ಲಾಸಿನಲ್ಲೇ ಪರೀಕ್ಷೆ ಬರೆಯಬೇಕು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಹೋಗಿ ಬಂದೆ. ಟೀಚರ್ ಇಬ್ಬರಿದ್ದಾರೆ, ಒಬ್ಬರು ಅತಿಥಿ ಶಿಕ್ಷಕರು. ನಾನು ಮಾತಾಡಿ ಮುಗಿಸುವಷ್ಟರಲ್ಲಿ ಮಗಳು ಬಿಸಿಯೂಟದ ಸಾಲಿನಲ್ಲಿ ಕೂತಿದ್ದಳು. ಸೇರಿಸಿದ್ದೇನೆ ಅಕ್ಕ, ಗಣಿತದ ಪುಸ್ತಕವನ್ನೂ ತಂದಿದ್ದೇನೆ. ಭಾಗಾಕಾರ ನನಗೇ ಮರೆತುಹೋಗಿದೆ.