ಸಹಾಯ ಬೇಕು: ಹಳ್ಳಿ ಹೆಂಗಸರ ನೆಮ್ಮದಿ ಬಗ್ಗೆ ಕೇಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ) ಓದುತ್ತಿದ್ದೇನೆ. ರಾಯಚೂರು ಕಡೆಯ ಸ್ತ್ರೀಶಕ್ತಿ ಸಂಘದ ಹೆಂಗಸರ ನೆಮ್ಮದಿ ಬಗ್ಗೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ.

ಅಮೆರಿಕದ ಮನೋವಿಜ್ಞಾನಿ ಎಡ್ ಡೀನರ್ ಮತ್ತು ಜೊತೆಗಾರರು 1985ರಲ್ಲಿ ಪ್ರಕಟಿಸಿದ ಬದುಕಿನ ತೃಪ್ತಿಯ ಪ್ರಶ್ನಾವಳಿ ಬಳಸುತ್ತಿದ್ದೇನೆ. 5 ವಾಕ್ಯ, ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ. ಕೇಳುವುದೆಲ್ಲ 'ನನ್ನ ಬದುಕು' ಹೇಗಿದೆ ಅಂತ. ಆದರೆ ಇಲ್ಲಿ ಉತ್ತರ ಬರುವುದು ಮಗಳ ಮದುವೆ, ಮಗನ ಕೆಲಸ, ಹೊಲಕ್ಕೆ ನೀರು, ಸಂಘದ ಸಾಲ ಇವುಗಳ ಮೇಲೆ. ಇದನ್ನು ತಪ್ಪು ಉತ್ತರ ಅಂತ ಬದಿಗಿಡಲು ನನಗೆ ಮನಸ್ಸಿಲ್ಲ. ಮನೆಯವರ ಸುಖವೂ ಅವರ ಸುಖವೇ ಅಲ್ವಾ? ಇದರ ಜೊತೆಗೆ ನಾನು 'ನಿಮ್ಮ ಒಳ್ಳೆ ಗುಣ ಯಾವುದು' ಅಂತಲೂ ಕೇಳುತ್ತೇನೆ, ಆಗ ಸುಮ್ನೆ ನಗುತ್ತಾರೆ. ಪಕ್ಕದಲ್ಲಿ ಕೂತವರ ಬಗ್ಗೆ ಕೇಳಿದರೆ ಮಾತ್ರ ತುಂಬಾ ಹೇಳುತ್ತಾರೆ.

ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಮಕ್ಕಳನ್ನು ಮನೋವಿಜ್ಞಾನಿ ಎಮ್ಮಿ ವರ್ನರ್ ದಶಕಗಳ ಕಾಲ ಗಮನಿಸಿದರು. ಕಷ್ಟದಲ್ಲಿ ಬೆಳೆದೂ ಗಟ್ಟಿಯಾಗಿ ನಿಂತವರಿಗೆ ಅಕ್ಕರೆಯ ಹಿರಿಯರೊಬ್ಬರ ಆಸರೆ ಇರುತ್ತಿತ್ತು ಎಂಬುದು ಅಲ್ಲಿ ಕಂಡ ಮುಖ್ಯ ವಿಷಯ. ಅದಕ್ಕೇ ಆಸರೆಯ ಬಗ್ಗೆಯೂ ಕೇಳಬೇಕು ಅಂತಿದ್ದೇನೆ.

ಹಳ್ಳಿಗಳಲ್ಲಿ ಇಂಥ ಕೆಲಸ ಮಾಡಿದ ಅಕ್ಕ, ಅಣ್ಣಂದಿರು ದಯವಿಟ್ಟು ಹೇಳಿ. ಮನೆಯವರ ಸುಖದ ಪ್ರಶ್ನೆಗಳನ್ನು ಬೇರೆಯಾಗಿ ಇಡಬೇಕಾ? ಒಬ್ಬರ ಗುಣವನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಬರೆದುಕೊಂಡರೆ ನಡೆಯುತ್ತದಾ? ಕನ್ನಡದಲ್ಲಿ ಬಳಸಿ ನೋಡಿದ ಪ್ರಶ್ನಾವಳಿ ಯಾರ ಹತ್ತಿರವಾದರೂ ಇದ್ದರೆ ಕಳುಹಿಸಿ. ಮುಂದಿನ ವಾರ ಮತ್ತೆ ಊರಿಗೆ ಹೋಗುತ್ತಿದ್ದೇನೆ.