ಗೆಣಸು ಯಾವುದು, ಗಡ್ಡಿ ಯಾವುದು? ಜೊತೆಗೆ ‘ರತಾಳಿ’ಯ ಗೊಂದಲ

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ಕೇಳಬೇಕಿದೆ. ಅದಕ್ಕೂ ಮೊದಲು ಆ ಪದ ನನ್ನ ಹಿತ್ತಲಿಗೆ ಹೇಗೆ ಬಂತು ಅಂತ ಹೇಳುತ್ತೇನೆ. ಅದನ್ನು ಬಿಟ್ಟರೆ ಪ್ರಶ್ನೆ ಅರ್ಥವಾಗುವುದಿಲ್ಲ.

ನಾವಿರುವುದು ಧಾರವಾಡದಲ್ಲಿ. ಮನೆ ಹಿಂದೆ ಎರಡು ಗುಂಟೆ ಹಿತ್ತಲಿದೆ. ಹೋದ ವರ್ಷ ಚಳಿಗಾಲದಲ್ಲಿ ಜೋಯಿಡಾದ ಗಡ್ಡೆಗೆಣಸಿನ ಮೇಳಕ್ಕೆ ಹೋಗಿದ್ದೆ. ಅಲ್ಲಿನ ಕುಣಬಿ ರೈತರು ಮನೆಯ ಹತ್ತಿರ ಬೆಳೆದ ಗಡ್ಡೆಗಳನ್ನು ರಾಶಿ ಹಾಕಿಕೊಂಡು ಕೂತಿರುತ್ತಾರೆ. ಮೊಣಕಾಲುದ್ದದ ಕೆಸುವಿನ ಗಡ್ಡೆಗೆ ಅವರು ‘ಮುಡ್ಲಿ’ ಅನ್ನುತ್ತಾರೆ. ನಾನು ತಂದದ್ದು ಬೇರೆ. ಕಂದು ಸಿಪ್ಪೆ, ಮೈತುಂಬ ಬೇರಿನ ಕೂದಲು, ಬೆರಳು ಚಾಚಿದ ಅಂಗೈಯಂಥ ಆಕಾರ. ಕೊಯ್ದರೆ ಒಳಗೆಲ್ಲ ನೇರಳೆ. ಮಾರಿದ ಹೆಣ್ಣುಮಗಳು ‘ಕೋನ’ ಎಂದು ಹೇಳಿದರು.

ಅರ್ಧ ಪಲ್ಯ ಮಾಡಿದೆ. ಉಳಿದರ್ಧವನ್ನು ಸಿಪ್ಪೆ ಇರುವಂತೆ ನಾಲ್ಕು ಹೋಳು ಮಾಡಿ, ಕೊಯ್ದ ಕಡೆಗೆ ಒಲೆಯ ಬೂದಿ ಒರೆಸಿ, ನೆರಳಲ್ಲಿ ಇಟ್ಟೆ. ರೋಹಿಣಿ ಮಳೆಗೆ ನೆಟ್ಟೆ. ನಮ್ಮದು ಎರಿ ಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಅಂಟುತ್ತದೆ. ಅದಕ್ಕೆ ಮೊಳದಷ್ಟು ಆಳದ ಗುಂಡಿ ತೋಡಿಸಿ, ಮಸಾರಿ ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ಕಲಸಿ ತುಂಬಿಸಿದ್ದೆ. ಬಳ್ಳಿ ನುಗ್ಗೆಗಿಡಕ್ಕೆ ಹಬ್ಬಿತು. ಕಾಂಡ ದುಂಡಗಿಲ್ಲ, ಚೌಕ. ನಾಲ್ಕು ಮೂಲೆಗೂ ಸಣ್ಣ ರೆಕ್ಕೆಯಂಥ ಅಂಚು. ಈ ಗಿಡದ ಶಾಸ್ತ್ರೀಯ ಹೆಸರು ಡಯೋಸ್ಕೋರಿಯಾ ಅಲಾಟಾ. ‘ಅಲಾಟಾ’ ಅಂದರೆ ಲ್ಯಾಟಿನ್‌ನಲ್ಲಿ ರೆಕ್ಕೆ ಇರುವಂಥದ್ದು. ಎಳ್ಳ ಅಮವಾಸಿ ಹೊತ್ತಿಗೆ ಎಲೆ ಹಣ್ಣಾಗಿ ಬಳ್ಳಿ ಒಣಗಿತು. ಅಗೆದೆವು. ಮಸಾರಿ ಕಲಸಿದ ಗುಂಡಿಯಲ್ಲಿ ಗಡ್ಡೆ ಇಡಿಯಾಗಿ ಬಂತು. ಎರಿ ಮಣ್ಣಿಗೆ ಇಳಿದಿದ್ದ ತುದಿಗಳು ಮಾತ್ರ ಮುರಿದು ಒಳಗೇ ಉಳಿದವು.

ಗಡ್ಡೆ ತೊಳೆದು ಕಟ್ಟೆಯ ಮೇಲೆ ಇಟ್ಟ ದಿನವೇ ಚರ್ಚೆ ಶುರುವಾಯಿತು.

ಬಲಗಡೆ ಮನೆಯವರು ಗುಜರಾತಿಗಳು. ಹುಬ್ಬಳ್ಳಿಯಲ್ಲೇ ಹುಟ್ಟಿ ಬೆಳೆದವರು. ನೋಡಿದ ಕೂಡಲೇ ಆ ಅಕ್ಕ ಹೇಳಿದರು: “ಇದಕ್ಕ ನಾವು ರತಾಳು ಅಂತೀವ್ರಿ. ಥಂಡ್ಯಾಗ ಉಂಧಿಯು ಮಾಡಾಕ ಇದು ಬೇಕs ಬೇಕು.”

ಎಡಗಡೆ ಮನೆಯ ಆಜಿ ಮರಾಠಿಯವರು. ಅವರು ಒಪ್ಪಲಿಲ್ಲ. “ರತಾಳಿ ಅಂದ್ರ ಗೆಣಸು. ಏಕಾದಶಿಗೆ ಕುದಿಸಿ ತಿನ್ನೋದು. ಇದು ಕೋನಫಳ.”

ನಮ್ಮ ಅತ್ತಿ ಹಾನಗಲ್ ಕಡೆಯವರು. ಇಬ್ಬರ ಮಾತೂ ಮುಗಿಯಲಿ ಎಂದು ಕಾದರು. ಆಮೇಲೆ ಒಂದು ತುಂಡು ಕೈಗೆ ತಗೊಂಡು, “ಅಯ್ಯ, ಇದು ಹೆಗ್ಗೆಣಸಲ್ಲೇನು? ನಮ್ಮಪ್ಪ ಅಡವ್ಯಾಗಿಂದ ಅಗದು ತರ್ತಿದ್ದ. ಕೆಂಡದಾಗ ಸುಟ್ಟು ತಿಂತಿದ್ವಿ” ಎಂದರು.

ಒಂದೇ ಓಣಿಯಲ್ಲಿ ಒಂದೇ ಗಡ್ಡೆಗೆ ಮೂರು ಹೆಸರು. ಅದು ಇರಲಿ. ತೊಂದರೆ ಬಂದದ್ದು ಒಂದೇ ಹೆಸರಿಗೆ ಎರಡು ಗಿಡ ಇರುವುದರಿಂದ. ಬಿಳಿ ತಿರುಳಿನ ಜಾತಿಯೂ ಬೇಕು ಅನಿಸಿ, ಬೆಳಗಾವಿ ಕಡೆಯ ಒಬ್ಬರಿಗೆ ಫೋನ್ ಮಾಡಿ “ಬಿಳಿ ರತಾಳಿ ಬೀಜ ಕಳಿಸಿ” ಅಂದೆ. ಗುಜರಾತಿ ಅಕ್ಕನ ಮಾತು ತಲೆಯಲ್ಲಿತ್ತು. ಎಂಟು ದಿನಕ್ಕೆ ಬಂದದ್ದು ಗೆಣಸಿನ ಬಳ್ಳಿಯ ತುಂಡುಗಳು! ಕಳಿಸಿದವರದು ಏನೂ ತಪ್ಪಿಲ್ಲ. ಅವರ ಊರಿನ ರತಾಳಿಯನ್ನೇ ಕಳಿಸಿದ್ದಾರೆ. ಗೆಣಸು ನೆಡುವುದು ಬಳ್ಳಿ ತುಂಡಿನಿಂದ, ಹೆಗ್ಗೆಣಸು ನೆಡುವುದು ಗಡ್ಡೆಯ ಹೋಳಿನಿಂದ. ಫೋನಿನಲ್ಲಿ ಅಷ್ಟು ಕೇಳಿಕೊಂಡಿದ್ದರೂ ಸಾಕಿತ್ತು.

ಅಂದಿನಿಂದ ಈ ಪದಗಳ ಹಿಂದೆ ಬಿದ್ದಿದ್ದೇನೆ. ನನಗೆ ಕಂಡದ್ದನ್ನು ಹೇಳುತ್ತೇನೆ, ನೀವು ತಿದ್ದಿ.

ಮೊದಲು ರತಾಳಿ. ಸಂಸ್ಕೃತದಲ್ಲಿ ‘ಆಲು’ ಅಂದರೆ ತಿನ್ನುವ ಗಡ್ಡೆ. ‘ರಕ್ತಾಲು’ ಅಂದರೆ ಕೆಂಪು ಗಡ್ಡೆ. ಅದೇ ಸವೆದು ರತಾಳು ಆಯಿತು. ಗುಜರಾತಿಯಲ್ಲಿ ಅದು ನೇರಳೆ ಹೆಗ್ಗೆಣಸಿಗೇ ಉಳಿಯಿತು. ಮರಾಠಿಯಲ್ಲಿ ಕೆಂಪು ಸಿಪ್ಪೆಯ ಗೆಣಸಿಗೆ ಹೋಯಿತು. ಆಲೂಗಡ್ಡಿಯ ‘ಆಲೂ’ ಕೂಡ ಇದೇ ಆಲು. ನಾವು ಅದರ ಮುಂದೆ ಗಡ್ಡಿ ಸೇರಿಸಿದ್ದೇವೆ. ಹಾಗೆ ನೋಡಿದರೆ ಆಲೂಗಡ್ಡಿ ಅಂದರೆ ‘ಗಡ್ಡೆಗಡ್ಡೆ’ ಎಂದಾಗುತ್ತದೆ, ಅಲ್ವಾ?

ನಮ್ಮಲ್ಲಿ ಆಲೂಗಡ್ಡಿಗೆ ಬಟಾಟಿ ಅಂತಲೂ ಅನ್ನುತ್ತೇವೆ. ಇದು ಪೋರ್ಚುಗೀಸರು ತಂದ ಪದ. ಅವರಿಗೆ ಅದು ಕೆರಿಬಿಯನ್ ದ್ವೀಪಗಳಿಂದ ಸಿಕ್ಕಿತು. ಆ ದ್ವೀಪದ ಜನ ‘ಬತಾತ’ ಎನ್ನುತ್ತಿದ್ದದ್ದು ಸಿಹಿಗೆಣಸಿಗೆ! ಗೆಣಸಿನ ಶಾಸ್ತ್ರೀಯ ಹೆಸರಿನಲ್ಲಿ ಇಂದಿಗೂ ‘ಬತಾತಾಸ್’ ಇದೆ. ಆಮೇಲೆ ಆ ಹೆಸರು ಆಲೂಗಡ್ಡಿಗೆ ಜಾರಿತು. ಮರಾಠಿಯ ಸಾಲನ್ನು ಒಮ್ಮೆ ನೋಡಿ. ಹೆಗ್ಗೆಣಸಿನ ಹೆಸರು ಗೆಣಸಿಗೆ ಬಂತು. ಗೆಣಸಿನ ಹೆಸರು ಆಲೂಗಡ್ಡಿಗೆ ಹೋಯಿತು. ಇದು ತಿಳಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಅಮೆರಿಕದಲ್ಲೂ ಹೀಗೇ ಆಗಿದೆ. ಅಲ್ಲಿ ಅಂಗಡಿಯಲ್ಲಿ ‘ಯಾಮ್’ ಎಂದು ಮಾರುವುದು ಬಹಳ ಸಲ ಸಿಹಿಗೆಣಸೇ. ಆ ಪದ ಪಶ್ಚಿಮ ಆಫ್ರಿಕಾದಿಂದ ಹೋದದ್ದು, ಅದರ ಮೂಲ ಅರ್ಥ ಹೆಗ್ಗೆಣಸು.

ಈಗ ನಮ್ಮ ಕನ್ನಡಕ್ಕೆ ಬರುತ್ತೇನೆ. ಇಂದು ಬರೀ ಗೆಣಸು ಅಂದರೆ ಸಿಹಿಗೆಣಸು. ಶಿವರಾತ್ರಿ ಉಪವಾಸಕ್ಕೆ ಕುದಿಸುವುದು ಅದನ್ನೇ, ಹೋಳಿಗೆ ಮಾಡುವುದೂ ಅದರದ್ದೇ. ಆದರೆ ಆ ಬೆಳೆ ಅಮೆರಿಕದ್ದು. 1492ರಲ್ಲಿ ಕೊಲಂಬಸ್ ಅತ್ತ ಹೋಗುವವರೆಗೆ ನಮ್ಮ ಕಡೆ ಯಾರೂ ಅದನ್ನು ಕಂಡಿರಲಿಲ್ಲ. ‘ಋಷಿಗಳು ಗಡ್ಡೆಗೆಣಸು ತಿಂದು ತಪಸ್ಸು ಮಾಡಿದರು’ ಎಂದು ಅಜ್ಜಿಯರು ಕತೆ ಹೇಳುತ್ತಾರಲ್ಲ, ಆ ಗೆಣಸು ಸಿಹಿಗೆಣಸು ಆಗಿರಲು ಸಾಧ್ಯವೇ ಇಲ್ಲ. ಅದು ಅಡವಿಯ ಗೆಣಸು. ನಮ್ಮ ಅತ್ತಿಯ ಅಪ್ಪ ಅಗೆದು ತರುತ್ತಿದ್ದ ಜಾತಿಯದು.

ಅಂದರೆ ಗೆಣಸು ಎಂಬ ಹೆಸರು ಮೊದಲು ಇದರದೇ ಇತ್ತು ಎಂದು ನನಗೆ ಅನಿಸುತ್ತದೆ. ಹೊಸ ಬೆಳೆ ಬಂದು, ಹೊಲ ತುಂಬಿ, ಹೆಸರನ್ನೂ ತಗೊಂಡಿತು. ಹಳೆಯದನ್ನು ಬೇರೆ ಮಾಡಿ ಹೇಳಲು ಮುಂದೆ ಒಂದು ಮಾತು ಬೇಕಾಯಿತು. ದೊಡ್ಡದಿದ್ದದ್ದು ಹೆಗ್ಗೆಣಸು ಆಯಿತು. ಹೆಬ್ಬಾವು, ಹೆಬ್ಬಾಗಿಲು, ಹೆದ್ದಾರಿಯಲ್ಲಿರುವ ‘ಹೆ’ ಇದೇ. ಕರಾವಳಿಯಲ್ಲಿ ತೂಣಗೆಣಸು ಅನ್ನುತ್ತಾರೆ. ಮುಳ್ಳುಗೆಣಸು ಎಂಬುದೂ ಇದೆ.

ನನ್ನ ಮುಖ್ಯ ಪ್ರಶ್ನೆ ಇರುವುದು ಇದರ ಮುಂದೆ. ಗೆಣಸಿಗೂ ಗಡ್ಡಿಗೂ ವ್ಯತ್ಯಾಸ ಏನು?

ಮೊದಲು ನಾನು ಅಂದುಕೊಂಡದ್ದು ಹೀಗೆ: ಬೇರು ಊದಿದರೆ ಗೆಣಸು, ಬೇರೆ ಭಾಗ ಊದಿದರೆ ಗಡ್ಡಿ. ಸಿಹಿಗೆಣಸು ಮತ್ತು ಮರಗೆಣಸು ನಿಜವಾಗಿ ಬೇರುಗಳೇ. ಆಲೂಗಡ್ಡಿ ಊದಿದ ಕಾಂಡ, ಅದಕ್ಕೇ ಅದಕ್ಕೆ ಕಣ್ಣುಗಳಿರುತ್ತವೆ. ಸುವರ್ಣಗಡ್ಡಿಯೂ ಕಾಂಡವೇ. ಉಳ್ಳಾಗಡ್ಡಿ ಪದರ ಪದರ ಎಲೆ. ಲೆಕ್ಕ ಸರಿ ಕೂತಿತು ಅನ್ನುವಷ್ಟರಲ್ಲಿ ಹೆಗ್ಗೆಣಸೇ ಕೆಡಿಸಿತು. ಅದು ಬೇರಲ್ಲ, ಕಾಂಡದ ಗಡ್ಡೆ. ಮತ್ತೆ ಗಜ್ಜರಿ, ಮೂಲಂಗಿ ಬೇರುಗಳೇ ಆದರೂ ಅವನ್ನು ಯಾರೂ ಗೆಣಸು ಅನ್ನುವುದಿಲ್ಲ.

ಆಮೇಲೆ ಹೊಳೆದದ್ದು ಬಳ್ಳಿ. ಗೆಣಸು ಅಂದರೆ ಬಳ್ಳಿಯ ಗಡ್ಡೆ ಇರಬಹುದೇ?

ಇದಕ್ಕೆ ನನಗೆ ಕಾಣುವ ದೊಡ್ಡ ಸಾಕ್ಷಿ ಮರಗೆಣಸು. ಅದೂ ಅಮೆರಿಕದಿಂದ ಬಂದದ್ದೇ. ತಿರುವಾಂಕೂರಿನಲ್ಲಿ ವಿಶಾಖಂ ತಿರುನಾಳ್ ಮಹಾರಾಜರು 1880ರಿಂದ 1885ರವರೆಗೆ ಆಳಿದಾಗ ಜನರಿಗೆ ಅದನ್ನು ಬೆಳೆಯಲು ಹೇಳಿಕೊಟ್ಟರು. ನಮ್ಮ ಧಾರವಾಡದ ಅಡಿಗೆಮನೆಗೆ ಅದು ಬರುವುದು ಸಾಬೂದಾಣಿಯ ರೂಪದಲ್ಲಿ, ತಮಿಳುನಾಡಿನ ಸೇಲಂ ಕಡೆಯಿಂದ. ಈ ಗಿಡ ನೆಟ್ಟಗೆ ಕಟ್ಟಿಗೆಯಂತೆ ನಿಲ್ಲುತ್ತದೆ. ಗೆಣಸು ಅಂದರೆ ಯಾವ ಗಡ್ಡೆಯಾದರೂ ಆಗುವುದಿದ್ದರೆ, ಇದಕ್ಕೆ ‘ಮರ’ ಸೇರಿಸುವ ಅಗತ್ಯವೇ ಇರಲಿಲ್ಲ. ಕೇಳುವವರ ಮನಸ್ಸಿನಲ್ಲಿ ಬಳ್ಳಿ ಮೂಡುತ್ತಿತ್ತು. ಅದಕ್ಕೇ ‘ಇದು ಬಳ್ಳಿ ಅಲ್ಲ, ಮರ’ ಎಂದು ಹೆಸರಲ್ಲೇ ಹೇಳಬೇಕಾಯಿತು.

ತಮಿಳಿನಲ್ಲಿ ‘ಕಿೞಂಗು’ ಎಲ್ಲ ಗಡ್ಡೆಗೂ ಸಲ್ಲುವ ಮಾತು. ಆಲೂಗಡ್ಡೆಯೂ ಕಿೞಂಗು, ಸುವರ್ಣಗಡ್ಡೆಯೂ ಕಿೞಂಗು. ಅದಕ್ಕೆ ಅವರು ಸಿಹಿಗೆಣಸಿಗೆ ‘ವಳ್ಳಿಕ್ಕಿೞಂಗು’ ಅನ್ನುತ್ತಾರೆ. ಅವರ ‘ವಳ್ಳಿ’ ನಮ್ಮ ಬಳ್ಳಿಯೇ. ಮರಗೆಣಸಿಗೆ ‘ಮರವಳ್ಳಿಕ್ಕಿೞಂಗು’. ನಮ್ಮ ಗೆಣಸಿನೊಳಗೆ ಬಳ್ಳಿ ಮೊದಲೇ ಇರುವುದರಿಂದ ನಾವು ಅದನ್ನು ಬಿಡಿಸಿ ಹೇಳುವುದಿಲ್ಲ.

ಇನ್ನೊಂದು ಸಾಕ್ಷಿ ಮಲೆನಾಡಿನದು. ಅಲ್ಲಿ ಹಿತ್ತಲಲ್ಲಿ ಒಂದು ಬಳ್ಳಿ ಬೆಳೆಯುತ್ತಾರೆ. ಅದರ ಗಡ್ಡೆ ಮಣ್ಣಲ್ಲಿ ಅಷ್ಟೇ ಅಲ್ಲ, ಬಳ್ಳಿಯ ಮೇಲೂ ಎಲೆಯ ಬುಡದಲ್ಲಿ ಜೋತು ಬೀಳುತ್ತದೆ. ದುಂಡಗೆ, ಆಲೂಗಡ್ಡಿಯಂತೆ. ಅದಕ್ಕೆ ‘ಬಳ್ಳಿ ಆಲೂಗಡ್ಡೆ’ ಅನ್ನುತ್ತಾರೆ. ಇದು ಹೆಗ್ಗೆಣಸಿನ ದಾಯಾದಿ. ಗಡ್ಡೆ ಎಂದು ಕರೆದ ಮೇಲೆ ‘ಬಳ್ಳಿ’ ಎಂದು ಸೇರಿಸಬೇಕಾಯಿತು. ಗೆಣಸು ಎಂದು ಕರೆದ ಮೇಲೆ ‘ಮರ’ ಎಂದು ಸೇರಿಸಬೇಕಾಯಿತು. ಎರಡನ್ನೂ ಪಕ್ಕಪಕ್ಕ ಇಟ್ಟರೆ ನನ್ನ ಊಹೆ ಸುಮ್ನೆ ಬಂದದ್ದಲ್ಲ ಅನಿಸುತ್ತದೆ.

ಕೆಸು, ಸುವರ್ಣಗಡ್ಡಿ ಬಳ್ಳಿಗಳಲ್ಲ. ಕೇರಳದವರು ಕೂರ್ಕ ಎನ್ನುವ ಸಾಂಬ್ರಾಣಿ ಗಡ್ಡೆಯೂ ಬಳ್ಳಿಯಲ್ಲ. ಇವಕ್ಕೆ ಯಾರೂ ಗೆಣಸು ಅಂದದ್ದು ನಾನು ಕೇಳಿಲ್ಲ.

ಒಂದು ಆಕ್ಷೇಪ ನನಗೇ ಇದೆ. ನಮ್ಮ ಮನೆಯಲ್ಲಿ ‘ಎರಡು ಗೆಣಸಿನ ಗಡ್ಡಿ ಕುದಿಸು’ ಅನ್ನುತ್ತೇವೆ. ತೆಲುಗಿನಲ್ಲಿ ‘ಗೆಣುಸುಗಡ್ಡ’ ಎಂದೇ ಇದೆ. ಹಾಗಾದರೆ ಗಡ್ಡಿ ಅನ್ನುವುದು ಆಕಾರದ ಮಾತು, ಉಂಡೆಯಾಗಿ ಇರುವ ಯಾವುದಕ್ಕೂ ಸಲ್ಲುತ್ತದೆ. ಬರ್ಫದ ಗಡ್ಡಿ, ಮೈಯಲ್ಲಿ ಆದ ಗಡ್ಡಿ, ಹೊಳೆ ನಡುವಿನ ನಡುಗಡ್ಡೆ, ಎಲ್ಲ ಅದೇ. ಗೆಣಸು ಮಾತ್ರ ಒಂದು ಜಾತಿಯ ಹೆಸರು. ಆಗ ಎರಡೂ ಒಂದೇ ಸಾಲಿನ ಪದಗಳಲ್ಲ. ‘ಗಡ್ಡೆಗೆಣಸು’ ಎಂಬ ಜೋಡಿಯಲ್ಲಿ ಒಂದು ಆಕಾರ, ಒಂದು ಜಾತಿ. ಇದು ಒಪ್ಪುವಂಥದ್ದೇ?

ಹುಬ್ಬಳ್ಳಿಯ ನನ್ನ ಜೈನ ಗೆಳತಿಗೆ ಈ ಭೇದವೇ ಬೇಕಿಲ್ಲ. ಅವಳಿಗೆ ಎಲ್ಲವೂ ಕಂದಮೂಲ, ಯಾವುದನ್ನೂ ತಿನ್ನುವುದಿಲ್ಲ. ಗಜ್ಜರಿ, ಮೂಲಂಗಿ, ಉಳ್ಳಾಗಡ್ಡಿ ಎಲ್ಲ ಅದರಲ್ಲಿ ಬಂದವು. ಮಣ್ಣೊಳಗೆ ಇರುವುದೆಲ್ಲ ಒಂದೇ ಎಂದು ಹೇಳುವ ಪದ ಕನ್ನಡದಲ್ಲಿ ಅದೊಂದೇ ಇರಬೇಕು.

ಸುವರ್ಣಗಡ್ಡಿಯ ಬಗ್ಗೆಯೂ ಒಂದು ಮಾತು. ಸಂಸ್ಕೃತದಲ್ಲಿ ಅದು ‘ಸೂರಣ’, ಮರಾಠಿಯಲ್ಲಿ ‘ಸುರಣ’. ಸೂರಣಗಡ್ಡೆಯೇ ಬಾಯಲ್ಲಿ ಹೊರಳಿ ಸುವರ್ಣಗಡ್ಡೆ ಆಯಿತು ಎಂದು ನನ್ನ ಊಹೆ. ಬಂಗಾರದ ಬಣ್ಣವೇನೂ ಅದಕ್ಕಿಲ್ಲ. ‘ನೋಲ್‌ಕೋಲ್’ ಹೀಗೇ ನಮ್ಮ ಬಾಯಲ್ಲಿ ‘ನವಿಲುಕೋಸು’ ಆಗಿದೆ, ಅಲ್ವಾ? ಅದರೊಳಗೆ ನವಿಲು ಇರಲೇ ಇಲ್ಲ. ಸುವರ್ಣಗಡ್ಡಿಯೊಳಗೆ ಸೂಜಿಯಂಥ ಸಣ್ಣ ಆಕ್ಸಲೇಟ್ ಹರಳುಗಳಿವೆ, ಹುಣಸಿಹುಳಿ ಹಾಕಿ ಚೆನ್ನಾಗಿ ಕುದಿಸಬೇಕು. ಇಲ್ಲದಿದ್ದರೆ, ನಮ್ಮ ಕಡೆಯ ಮಾತಿನಲ್ಲಿ, ‘ತಿಂಡಿ ಬಿಡ್ತದ’. ಮೈಸೂರು ಕಡೆಯವರು ಗಮನಿಸಿ, ಇಲ್ಲಿ ತಿಂಡಿ ಅಂದರೆ ತುರಿಕೆ. ಹೆಗ್ಗೆಣಸು ಹೆಚ್ಚುವಾಗಲೂ ಹಸಿ ಲೋಳೆಗೆ ಕೈ ತಿಂಡಿ ಬಿಡುತ್ತದೆ, ಕುದಿಸಿದ ಮೇಲೆ ಇಲ್ಲ. ನಾನು ಕುದಿಸಿ, ಸಾಸಿವೆ, ಹಸಿಮೆಣಸಿನಕಾಯಿ ಒಗ್ಗರಣಿ ಕೊಟ್ಟು, ಮೇಲೆ ಶೇಂಗಾ ಪುಡಿ ಹಾಕುತ್ತೇನೆ. ಬಿಸಿ ಜೋಳದ ರೊಟ್ಟಿಗೆ ಬಹಳ ಚಲೋ ಆಗುತ್ತದೆ.

ನಿಮ್ಮಿಂದ ಬೇಕಾದದ್ದು ಇಷ್ಟು. ಹಾನಗಲ್, ಶಿಗ್ಗಾವಿ, ಕಲಘಟಗಿ, ಅಳ್ನಾವರ ಕಡೆಯವರು ಈ ನೇರಳೆ ಗಡ್ಡೆಗೆ ಮನೆಯಲ್ಲಿ ಏನಂತೀರಿ? ಗದಗ, ರೋಣದ ಎರಿ ಸೀಮೆಯಲ್ಲಿ ಇದಕ್ಕೆ ಹೆಸರೇ ಇದೆಯೇ, ಅಥವಾ ಎಲ್ಲದಕ್ಕೂ ಬರೀ ಗಡ್ಡಿಯೇ? ಬಳ್ಳಿ ಅಲ್ಲದ ಗಿಡದ ಗಡ್ಡೆಗೆ ‘ಮರ’ದಂಥ ಮಾತು ಸೇರಿಸದೆ ಗೆಣಸು ಎಂದು ಕರೆಯುವುದನ್ನು ಯಾರಾದರೂ ಕೇಳಿದ್ದೀರಾ? ಒಂದು ಉದಾಹರಣೆ ಸಿಕ್ಕರೂ ನನ್ನ ಊಹೆ ಬೀಳುತ್ತದೆ, ದಯವಿಟ್ಟು ಹೇಳಿ. ಹೆಸರು ಹೇಳುವಾಗ ಕಾಂಡ ಚೌಕವೋ ದುಂಡೋ ಅದನ್ನೂ ಬರೆಯಿರಿ, ಆಗ ಗಿಡ ತಪ್ಪುವುದಿಲ್ಲ.

ಬೀಜಕ್ಕೆಂದು ಆರು ಹೋಳು ಎತ್ತಿಟ್ಟಿದ್ದೇನೆ. ಎರಡು ಬಲಗಡೆ ಮನೆಗೆ, ಎರಡು ಆಜಿಗೆ, ಎರಡು ನಮಗೆ. ಸದ್ಯಕ್ಕೆ ಪುಟ್ಟಿಯ ಮೇಲೆ ‘ಹೆಗ್ಗೆಣಸು’ ಎಂದು ಚೀಟಿ ಬರೆದು ಅಂಟಿಸಿದ್ದೇನೆ. ಬೇರೆ ಹೆಸರು ಸರಿ ಅನಿಸಿದರೆ ರೋಹಿಣಿ ಮಳೆಗೆ ಮೊದಲು ತಿಳಿಸಿ, ಚೀಟಿ ಬದಲಿಸುತ್ತೇನೆ.